ನರ್ಸ್ ಆದವರು ಮಿಡ್‌ವೈಫ್ ಆಗೋದು ಹೇಗೆ? ಹಾಸನದ ಹೆರಿಗೆ ಕೋಣೆಯಿಂದ ಒಂದು ಸಮಗ್ರ ಮಾರ್ಗದರ್ಶಿ

"ಅಕ್ಕಾ, ಮಿಡ್‌ವೈಫ್ ಆಗೋಕೆ ಯಾವ ಕೋರ್ಸ್ ಮಾಡಬೇಕು?" ಹೊಸದಾಗಿ ಡ್ಯೂಟಿಗೆ ಬಂದ ಹುಡುಗಿಯರು ಇದನ್ನು ಕೇಳದ ವರ್ಷವೇ ಇಲ್ಲ. ಮಿಡ್‌ವೈಫ್ ಅಂದರೆ ಓದಿ, ತರಬೇತಿ ಪಡೆದು ಹೆರಿಗೆ ಮಾಡಿಸುವವಳು. ನಾನು ಅವರಿಗೆ ಹೇಳುವ ಮೊದಲ ಮಾತು ಒಂದೇ. ನಿಮ್ಮ ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟ್ ತೆಗೆದು ಇನ್ನೊಂದು ಸಲ ಓದಿ. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಆಗಲಿ, ಬಿಎಸ್ಸಿ ನರ್ಸಿಂಗ್ ಆಗಲಿ, ಅಲ್ಲಿ ರಿಜಿಸ್ಟರ್ಡ್ ನರ್ಸ್ ಜೊತೆಗೆ ರಿಜಿಸ್ಟರ್ಡ್ ಮಿಡ್‌ವೈಫ್ ಅಂತಲೂ ಇರುತ್ತದೆ. ಜಿಎನ್‌ಎಂ ಅನ್ನೋ ಹೆಸರಿನ ಕೊನೆಯ 'ಎಂ' ಅದೇ ಅಲ್ವಾ?

ಅಂದರೆ ಕಾಗದದ ಮೇಲೆ ನೀವು ಆಗಲೇ ಮಿಡ್‌ವೈಫ್. ಕೈ ಮಾತ್ರ ಇನ್ನೂ ಆಗಿಲ್ಲ. ಕಾಗದಕ್ಕೂ ಕೈಗೂ ನಡುವೆ ಇರುವ ದೂರವನ್ನು ಹೇಗೆ ದಾಟಬೇಕು, ದಾಟಿದ ಮೇಲೆ ಯಾವ ಕೆಲಸ ಸಿಗುತ್ತದೆ, ಇದನ್ನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಹೆರಿಗೆ ಮಾಡಿಸಿದ ಅನುಭವದಿಂದ ಬರೆಯುತ್ತಿದ್ದೇನೆ.

ಈಗ ಯಾಕೆ ಈ ಮಾತು

ನಮ್ಮ ಕಡೆ ಸೂಲಗಿತ್ತಿಯರಿಗೆ ದೊಡ್ಡ ಗೌರವ ಇತ್ತು. ಪಾವಗಡದ ಸೂಲಗಿತ್ತಿ ನರಸಮ್ಮನವರು ಒಂದು ಪೈಸೆ ತೆಗೆದುಕೊಳ್ಳದೆ 15,000ಕ್ಕೂ ಜಾಸ್ತಿ ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಅನ್ವಯವಾಗುವ ಮಿಡ್‌ವೈಫರಿ ಮಾರ್ಗಸೂಚಿ ಹೊರಡಿಸಿತು. ಓದಿದ ನರ್ಸ್‌ಗೆ ಇನ್ನೂ 18 ತಿಂಗಳ ತರಬೇತಿ ಕೊಟ್ಟು, ತೊಂದರೆ ಇಲ್ಲದ ಹೆರಿಗೆಗಳನ್ನು ಆಕೆಯೇ ಪೂರ್ತಿ ನೋಡಿಕೊಳ್ಳುವಂತೆ ಮಾಡಬೇಕು ಅನ್ನೋದು ಅದರ ಸಾರ. ಈ ಹುದ್ದೆಗೆ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅಂತ ಹೆಸರು, ಚಿಕ್ಕದಾಗಿ ಎನ್‌ಪಿಎಂ. ಇವರೇ ನಡೆಸುವ ಹೆರಿಗೆ ಘಟಕಗಳು ದೊಡ್ಡ ಆಸ್ಪತ್ರೆಗಳ ಒಳಗೇ, ಡಾಕ್ಟರ್ ಕೂಗಳತೆಯಲ್ಲಿ ಇರಬೇಕು ಅಂತಲೂ ಅದರಲ್ಲಿದೆ.

ಕಾರಣ ಅಂಕಿಗಳಲ್ಲೇ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ದೇಶದ ಹೆರಿಗೆಗಳಲ್ಲಿ ಶೇ. 17.2 ಸಿಸೇರಿಯನ್ ಆಗಿದ್ದವು. 2019-21ಕ್ಕೆ ಅದು ಶೇ. 21.5 ಆಯಿತು. ಕರ್ನಾಟಕದಲ್ಲಂತೂ ಶೇ. 31.5. ಹತ್ತರಲ್ಲಿ ಮೂರು ಹೆರಿಗೆ ಕೊಯ್ದೇ ಆಗುತ್ತಿದೆ. ಎಲ್ಲವೂ ಬೇಡದ ಆಪರೇಷನ್ ಅಂತ ನಾನು ಹೇಳುತ್ತಿಲ್ಲ. ಆದರೆ ನೋವು ಶುರುವಾದ ಹೆಣ್ಣುಮಗಳ ಪಕ್ಕದಲ್ಲಿ ಎಂಟು ಗಂಟೆ ತಾಳ್ಮೆಯಿಂದ ಕೂರುವವರು ಇದ್ದಿದ್ದರೆ ಇದರಲ್ಲಿ ಎಷ್ಟೋ ತಪ್ಪುತ್ತಿತ್ತು. ಹಾಗೆ ಕೂರುವುದೇ ಮಿಡ್‌ವೈಫ್ ಕೆಲಸ.

ಮೊದಲ ಹೆಜ್ಜೆ: ಕಾಗದ ಸರಿಮಾಡಿಕೊಳ್ಳಿ

ಇದು ಬೇಸರದ ಕೆಲಸ, ಬೇಗ ಮುಗಿಸಿಬಿಡಿ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನಿಮ್ಮ ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿ. ಎಷ್ಟೋ ಜನ ಕೋರ್ಸ್ ಮುಗಿದ ವರ್ಷ ಮಾಡಿಸಿದ್ದು, ಆಮೇಲೆ ಆ ಕಡೆ ತಲೆ ಹಾಕಿರುವುದಿಲ್ಲ. ದೇಶಮಟ್ಟದ ನರ್ಸ್‌ಗಳ ಆನ್‌ಲೈನ್ ದಾಖಲೆಯಲ್ಲಿ ಸಿಗುವ ಎನ್‌ಯುಐಡಿ ನಂಬರ್ ಇಲ್ಲದಿದ್ದರೆ ಅದನ್ನೂ ಮಾಡಿಸಿಕೊಳ್ಳಿ.

ಹೆಸರಿನ ಕಡೆ ಜಾಸ್ತಿ ಗಮನ ಕೊಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಮದುವೆ ಆದಮೇಲೆ ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು. ಮೂರೂ ಮೂರು ತರ. ಇಲ್ಲಿ ಕೆಲಸ ಮಾಡುವವರೆಗೆ ಯಾರೂ ಕೇಳುವುದಿಲ್ಲ. ಹೊರದೇಶಕ್ಕೆ ಅರ್ಜಿ ಹಾಕಿದ ದಿನ ಎಲ್ಲ ಅಲ್ಲೇ ನಿಂತುಬಿಡುತ್ತದೆ.

ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮಿಡ್‌ವೈಫ್ ಕೋರ್ಸ್, ಮಾಡಿದವರಿಗೆ ಒಂದು ಮಾತು. ಉಪಕೇಂದ್ರಗಳಲ್ಲಿ ನೀವು ಮಾಡುವ ಕೆಲಸ ಯಾರಿಗೂ ಕಡಿಮೆಯಲ್ಲ. ಆದರೆ ಎನ್‌ಪಿಎಂಗೆ ಜಿಎನ್‌ಎಂ ಅಥವಾ ಬಿಎಸ್ಸಿ ಬೇಕು. ಆ ದಾರಿ ಹಿಡಿಯುವ ಮನಸ್ಸಿದ್ದರೆ ಮೊದಲು 3 ವರ್ಷದ ಜಿಎನ್‌ಎಂ ಮುಗಿಸಬೇಕಾಗುತ್ತದೆ.

ಎರಡನೇ ಹೆಜ್ಜೆ: ಹೆರಿಗೆ ಕೋಣೆಗೆ ಹೋಗಿ ಸೇರಿಕೊಳ್ಳಿ

ಕೋರ್ಸ್ ಹುಡುಕುವ ಮೊದಲು ಕನಿಷ್ಠ ಎರಡು ವರ್ಷ ಲೇಬರ್ ರೂಮ್ ಕೆಲಸ ಕೈಗೆ ಹತ್ತಿಸಿಕೊಳ್ಳಿ. ಎಲ್ಲಿ ಅನ್ನೋದು ಮುಖ್ಯ.

ಹಾಸನದಲ್ಲಿ ದೊಡ್ಡದು ಅಂದರೆ ಹಿಮ್ಸ್, ಅಂದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ. ಅರಸೀಕೆರೆಯಿಂದ ಸಕಲೇಶಪುರದವರೆಗೆ ಕಷ್ಟದ ಕೇಸ್‌ಗಳೆಲ್ಲ ಅಲ್ಲಿಗೇ ಬರುತ್ತವೆ. ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ. ಇಂಥ ಕಡೆ ಬಿಪಿ ಏರಿದವರು, ಫಿಟ್ಸ್ ಬಂದವರು, ಅವಳಿ, ಕಾಲು ಮುಂದಾಗಿ ಬಂದ ಮಗು, ಎಲ್ಲವನ್ನೂ ನೋಡುತ್ತೀರಿ. ಆದರೆ ಕಲಿಯುವ ವಿದ್ಯಾರ್ಥಿಗಳು, ಹೌಸ್ ಸರ್ಜನ್‌ಗಳು ಜಾಸ್ತಿ. ನಿಮ್ಮ ಕೈಗೆ ಬರುವ ಹೆರಿಗೆ ಕಡಿಮೆ.

ತಾಲ್ಲೂಕು ಆಸ್ಪತ್ರೆ ಇದಕ್ಕೆ ಪೂರಾ ತಿರುಗುಮುರುಗು. ರಾತ್ರಿ ಡ್ಯೂಟಿಯಲ್ಲಿ ಒಬ್ಬ ಸಿಸ್ಟರ್, ಒಬ್ಬ ಆಯಾ. ಡಾಕ್ಟರ್ ಕ್ವಾರ್ಟರ್ಸ್‌ನಲ್ಲಿರುತ್ತಾರೆ. ಹೆರಿಗೆ ನಿಮ್ಮ ಕೈಯಲ್ಲೇ ಆಗುತ್ತದೆ. ನನ್ನನ್ನು ಕೇಳಿದರೆ ಮೊದಲ ವರ್ಷ ದೊಡ್ಡ ಆಸ್ಪತ್ರೆ, ಎರಡನೆಯದು ತಾಲ್ಲೂಕು. ಯಾವುದು ಅಪಾಯ ಅಂತ ಕಣ್ಣಿಗೆ ಗೊತ್ತಾದಮೇಲೆ ಒಬ್ಬರೇ ನಿಲ್ಲುವ ಜಾಗಕ್ಕೆ ಹೋಗಿ. ಉಲ್ಟಾ ಹೋದರೆ ಅಪಾಯವನ್ನು ಗುರುತಿಸುವ ಮೊದಲೇ ಅಪಾಯ ಬಂದು ನಿಂತಿರುತ್ತದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಕೆಲಸ ಶುರುಮಾಡಿದ್ದು ಒಂದು ಖಾಸಗಿ ಆಸ್ಪತ್ರೆಯಲ್ಲಿ. ಲೇಬರ್ ರೂಮ್ ಕೊಡುತ್ತೇವೆ ಅಂತ ಬಾಯಲ್ಲಿ ಹೇಳಿ ಸೇರಿಸಿಕೊಂಡರು. ಒಂದು ತಿಂಗಳು ಅಲ್ಲಿ, ಮೂರು ತಿಂಗಳು ಜನರಲ್ ವಾರ್ಡ್, ಮತ್ತೆ ಹದಿನೈದು ದಿನ ಲೇಬರ್ ರೂಮ್, ಹೀಗೇ ಎರಡು ವರ್ಷ. ಬಿಡುವಾಗ ಕೊಟ್ಟ ಅನುಭವ ಪತ್ರದಲ್ಲಿ 'ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದಾರೆ' ಅನ್ನೋ ಒಂದೇ ಸಾಲು. ಮುಂದೆ ಹೆರಿಗೆ ಅನುಭವ ಕೇಳಿದ ಕಡೆಯೆಲ್ಲ ಆ ಎರಡು ವರ್ಷ ಲೆಕ್ಕಕ್ಕೇ ಬರಲಿಲ್ಲ. ತಿದ್ದಿಕೊಡಿ ಅಂತ ಮೂರು ಸಲ ಅಲೆದೆ. ಕೊಡಲಿಲ್ಲ.

ಅದಕ್ಕೇ ಹೇಳುತ್ತೇನೆ. ಅನುಭವ ಪತ್ರದಲ್ಲಿ ಲೇಬರ್ ರೂಮ್ ಅಂತ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ, ಸ್ಪಷ್ಟವಾಗಿ ಬರೆಸಿಕೊಳ್ಳಿ. ಜೊತೆಗೆ ನಿಮ್ಮದೇ ಒಂದು ನೋಟ್‌ಬುಕ್ ಇಡಿ. ತಾರೀಖು, ಚೊಚ್ಚಲೋ ಎರಡನೆಯದೋ, ನೋವು ಎಷ್ಟು ಹೊತ್ತು, ಹೆರಿಗೆ ಹೇಗಾಯಿತು, ಮಗುವಿನ ತೂಕ, ಮಗು ತಕ್ಷಣ ಅತ್ತಿತಾ, ರಕ್ತ ಎಷ್ಟು ಹೋಯಿತು, ಹೊಲಿಗೆ ಬಿತ್ತಾ, ಕಳಿಸಿದ್ದರೆ ಯಾಕೆ. ತಾಯಿಯ ಹೆಸರು, ಊರು ಬರೆಯಬೇಡಿ. ಅದು ಅವಳ ಗುಟ್ಟು. ರಿಜಿಸ್ಟರ್‌ನ ಕ್ರಮಸಂಖ್ಯೆ ಸಾಕು. ತಿಂಗಳಿಗೊಮ್ಮೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಸಹಿ ಹಾಕಿಸಿ.

ಮೂರನೇ ಹೆಜ್ಜೆ: ಕೈ ಪಳಗಿಸುವುದು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದು ಇದೇ.

ಪಾರ್ಟೋಗ್ರಾಫ್‌ನಿಂದ ಶುರುಮಾಡಿ. ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಹೊತ್ತುಹೊತ್ತಿಗೆ ಗುರುತು ಹಾಕುವ ಚಾರ್ಟ್ ಅದು. ಕಾಲೇಜಿನಲ್ಲಿ ಅಂಕಕ್ಕೋಸ್ಕರ ಗೀಟು ಎಳೆದದ್ದು ಎಲ್ಲರಿಗೂ ನೆನಪಿರುತ್ತದೆ. ಕೆಲಸಕ್ಕೆ ಬಂದಮೇಲೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ. ಹೆರಿಗೆ ಮುಗಿದು, ಮಗು ಅಜ್ಜಿ ಕೈಗೆ ಹೋಗಿ, ಟೀ ಕುಡಿಯುತ್ತಾ ಕೂತು ಪಾರ್ಟೋಗ್ರಾಫ್ ತುಂಬುವುದು. ಆಗ ಗೀಟು ಎಷ್ಟು ಚೆಂದ ಬರುತ್ತದೆ ಅಂದರೆ ನೋಡಿದ ಕೂಡಲೇ ಗೊತ್ತಾಗಿಬಿಡುತ್ತದೆ. ಇದು ಬರಿಯ ದಾಖಲೆ ಅಲ್ಲ. ನೋವು ತಿನ್ನುತ್ತಿರುವವಳ ಪಕ್ಕ ನಿಂತು ತುಂಬಿದರೆ ಮಾತ್ರ ಅದು ಮುಂದೇನಾಗುತ್ತದೆ ಅಂತ ಹೇಳುತ್ತದೆ.

ನಾವು ಬಳಸುವ ಚಾರ್ಟ್‌ನಲ್ಲಿ ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಾಗ ಗುರುತು ಹಾಕಲು ಶುರು. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ. ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷಕ್ಕೆ ಎಷ್ಟು ನೋವು, ಒಂದೊಂದು ಎಷ್ಟು ಸೆಕೆಂಡ್ ಅಂತ ಹೊಟ್ಟೆ ಮೇಲೆ ಕೈಯಿಟ್ಟು ಎಣಿಕೆ. ಒಳಪರೀಕ್ಷೆ 4 ಗಂಟೆಗೊಮ್ಮೆ ಸಾಕು. ಬಂದುಹೋದವರೆಲ್ಲ ಕೈ ಹಾಕಿ ನೋಡುವ ರೂಢಿ ನಿಲ್ಲಬೇಕು, ಅದರಿಂದ ನಂಜು ಏರುತ್ತದೆ. ಗೀಟು ಎಚ್ಚರಿಕೆಯ ಗೆರೆ ದಾಟಿ ಬಲಕ್ಕೆ ಹೊರಳಿದರೆ ಕಳಿಸುವ ತಯಾರಿ ಮಾಡಿ. ಎಚ್ಚರಿಕೆಯ ಗೆರೆಗೂ, ಡಾಕ್ಟರ್ ಕೂಡಲೇ ಏನಾದರೂ ಮಾಡಲೇಬೇಕಾದ ಕ್ರಮದ ಗೆರೆಗೂ 4 ಗಂಟೆ ಅಂತರ. ಆ ನಾಲ್ಕು ಗಂಟೆ ನಮ್ಮದಲ್ಲ, ದಾರಿಯದು. ಸಕಲೇಶಪುರದ ಹೆತ್ತೂರು ಕಡೆಯಿಂದ ಜುಲೈ ಮಳೆಯಲ್ಲಿ, ಮರ ಬಿದ್ದ ರಸ್ತೆಯಲ್ಲಿ 108 ಆಂಬುಲೆನ್ಸ್ ಬಂದು ಹೋಗುವ ಹೊತ್ತನ್ನು ಲೆಕ್ಕ ಹಾಕಿ ನೋಡಿ. ಮಲೆನಾಡಲ್ಲಿ ಕೆಲಸ ಮಾಡುವ ಮಿಡ್‌ವೈಫ್ ಗಡಿಯಾರದ ಜೊತೆಗೆ ಆಕಾಶವನ್ನೂ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಲೇಬರ್ ಕೇರ್ ಗೈಡ್ ಅನ್ನೋ ಹೊಸ ಚಾರ್ಟ್ ತಂದಿದೆ. ಅದರಲ್ಲಿ ಎಣಿಕೆ ಶುರುವಾಗುವುದು 5 ಸೆಂಟಿಮೀಟರ್‌ನಿಂದ. ಪಕ್ಕದಲ್ಲಿ ಮನೆಯವರು ಇದ್ದಾರಾ, ನೀರು ಕುಡಿದಳಾ, ಯಾವ ಭಂಗಿಯಲ್ಲಿದ್ದಾಳೆ ಅಂತಲೂ ಗುರುತು ಹಾಕಬೇಕು. ಎರಡನ್ನೂ ಕಲಿತಿರಿ.

ಮಗು ಹೊರಬಂದಮೇಲೆ ಮೊದಲ ಒಂದು ನಿಮಿಷ. ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಗರ್ಭಕೋಶ ಬಿಗಿದು ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ತಾಯಿಯ ತೊಡೆಗೆ. ಅದೇ ನಿಮಿಷದಲ್ಲಿ ಮಗು ಉಸಿರಾಡುತ್ತಿದೆಯಾ ನೋಡಬೇಕು. ಒರೆಸಿ ಬೆನ್ನು ಉಜ್ಜಿದರೂ ಉಸಿರು ಬರದಿದ್ದರೆ ಕೈಯಿಂದ ಒತ್ತಿ ಗಾಳಿ ಕೊಡುವ ಬ್ಯಾಗ್ ಮತ್ತು ಮಾಸ್ಕ್. ಬ್ಯಾಗ್ ಎಲ್ಲಿದೆ ಅಂತ ಆಗ ಹುಡುಕಬಾರದು. ಡ್ಯೂಟಿಗೆ ಬಂದ ಕೂಡಲೇ ಅದನ್ನು ಅಂಗೈಗೆ ಒತ್ತಿ ಗಾಳಿ ಬರುತ್ತಾ ನೋಡುವುದು ನನ್ನ ಅಭ್ಯಾಸ. ಫ್ರಿಡ್ಜ್ ತೆಗೆದು ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿದೆಯಾ ಅಂತಲೂ ನೋಡುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಬರುವುದು ಮರುದಿನ. ಬಿಸಿಗೆ ಕೆಟ್ಟ ಔಷಧಿ ನೋಡೋಕೆ ಒಳ್ಳೆಯದರ ಹಾಗೇ ಇರುತ್ತದೆ.

ಮಗು ಚೆನ್ನಾಗಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಅವಸರ ಬೇಡ, ಒಂದರಿಂದ ಮೂರು ನಿಮಿಷ ಕಾಯಿರಿ. ಮಾಸು ಬಂದಮೇಲೆ ಅಂಗೈ ಮೇಲೆ ಹರಡಿ ನೋಡಿ. ತುಂಡುಗಳೆಲ್ಲ ಒಂದಕ್ಕೊಂದು ಕೂಡುತ್ತವಾ? ಎಲ್ಲಾದರೂ ಹರಿದ ಗುಂಡಿ ಇದೆಯಾ? ಒಳಗೆ ಉಳಿದ ಸಣ್ಣ ಚೂರು ಆಮೇಲೆ ರಕ್ತ ಹರಿಸುತ್ತದೆ. ಹೊಟ್ಟೆ ಮೇಲೆ ಕೈಯಿಟ್ಟರೆ ಗರ್ಭಕೋಶ ಚೆಂಡಿನ ಹಾಗೆ ಗಟ್ಟಿಯಾಗಿ ಸಿಗಬೇಕು.

ಇನ್ನು ನಾಲಿಗೆ. ನೋವಲ್ಲಿ ಕೂಗುವವಳಿಗೆ ಬೈಯುವುದು, ತೊಡೆಗೆ ಹೊಡೆಯುವುದು, ಇದನ್ನೆಲ್ಲ ಹಿರಿಯರಿಂದ ಕಲಿತವರು ನಮ್ಮಲ್ಲಿದ್ದಾರೆ. ಕಾಫಿ ತೋಟದ ಲೈನ್‌ಮನೆಯಿಂದ ಬಂದ ಹುಡುಗಿಗೆ ಕನ್ನಡವೇ ಬರುವುದಿಲ್ಲ, ಅಸ್ಸಾಮಿನಿಂದ ಬಂದವಳು. "ಮುಕ್ಕಮ್ಮಾ" ಅಂದರೆ ಅವಳಿಗೇನು ಅರ್ಥ ಆದೀತು? ಅಂಥ ಒಬ್ಬಳಿಗೆ ನಾನು ಕೈ ಹಿಡಿದು, ನಾನೇ ಉಸಿರು ಬಿಗಿಹಿಡಿದು ಮುಕ್ಕಿ ತೋರಿಸಿದೆ. ಎರಡನೇ ಸಲಕ್ಕೆ ಹಿಡಿದುಕೊಂಡಳು. ಮಲಗಿಯೇ ಹೆರಬೇಕು ಅಂತ ಎಲ್ಲೂ ಇಲ್ಲ. ಓಡಾಡಲಿ, ಪಕ್ಕಕ್ಕೆ ಮಲಗಲಿ, ಮಂಚ ಹಿಡಿದು ಕುಕ್ಕರುಗಾಲಲ್ಲಿ ಕೂರಲಿ. ತಾಯಿಯೋ ಅತ್ತೆಯೋ ಜೊತೆಗಿರಲಿ. ಹೆರಿಗೆ ಕೋಣೆಗಳ ಗುಣಮಟ್ಟ ಹೆಚ್ಚಿಸಲು ಕೇಂದ್ರ ಸರ್ಕಾರ 2017ರಲ್ಲಿ ತಂದ 'ಲಕ್ಷ್ಯ' ಕಾರ್ಯಕ್ರಮವೂ ಇದನ್ನೇ ಕೇಳುತ್ತದೆ. ನಿಮ್ಮ ಆಸ್ಪತ್ರೆ ಲಕ್ಷ್ಯ ಪ್ರಮಾಣಪತ್ರಕ್ಕೆ ತಯಾರಾಗುತ್ತಿದ್ದರೆ ಆ ತಂಡಕ್ಕೆ ನೀವೇ ಕೇಳಿ ಸೇರಿ. ತುಂಬಾ ಕಲಿಯುತ್ತೀರಿ.

ಸರ್ಕಾರಿ ಕೆಲಸದಲ್ಲಿರುವವರು, ಗುತ್ತಿಗೆಯವರೂ ಸೇರಿ, 21 ದಿನದ ಎಸ್‌ಬಿಎ (ಸ್ಕಿಲ್ಡ್ ಬರ್ತ್ ಅಟೆಂಡೆಂಟ್, ನುರಿತ ಹೆರಿಗೆ ಸಹಾಯಕಿ) ತರಬೇತಿಗೆ ಹೆಸರು ಕೊಡಿ. ಹೆರಿಗೆ ಹೊತ್ತಿನ ಆರೈಕೆ ಕಲಿಸುವ ಮೂರು ದಿನದ 'ದಕ್ಷತಾ' ತರಬೇತಿ ಕೂಡ ಚೆನ್ನಾಗಿದೆ. ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೋ ಜಿಲ್ಲೆಯ ಆರ್‌ಸಿಎಚ್ (ತಾಯಿ-ಮಕ್ಕಳ ಆರೋಗ್ಯ) ಅಧಿಕಾರಿಗೋ ಬರಹದಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಸಹಿ ಪಡೆಯಿರಿ. ಸುಮ್ನೆ ಬಾಯಲ್ಲಿ ಹೇಳಿದರೆ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ನಾಲ್ಕನೇ ಹೆಜ್ಜೆ: ಯಾವ ಕೋರ್ಸ್

ಈಗ ಕೋರ್ಸ್ ಮಾತು. ನಿಮಗೆ ಹೆರಿಗೆ ಮಾಡಿಸುವುದೇ ಇಷ್ಟವಾ, ಪಾಠ ಮಾಡುವುದು ಇಷ್ಟವಾ, ಮೊದಲು ಅದನ್ನು ತೀರ್ಮಾನ ಮಾಡಿ.

ಹೆರಿಗೆಯೇ ಇಷ್ಟ ಅಂದರೆ ಎನ್‌ಪಿಎಂ. ಒಟ್ಟು 18 ತಿಂಗಳು. ಮೊದಲ 12 ತಿಂಗಳು ತರಬೇತಿ ಸಂಸ್ಥೆಯಲ್ಲಿ, ಉಳಿದ 6 ತಿಂಗಳು ಆಸ್ಪತ್ರೆಯಲ್ಲಿ ಕೈಕೆಲಸ. ತೆಲಂಗಾಣ ಇದರಲ್ಲಿ ಎಲ್ಲರಿಗಿಂತ ಮುಂದೆ ಹೋಯಿತು. 2017ರಲ್ಲೇ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ಜೊತೆ ಸೇರಿ ಕರೀಂನಗರದಲ್ಲಿ ಸರ್ಕಾರಿ ನರ್ಸ್‌ಗಳಿಗೆ ತರಬೇತಿ ಶುರುಮಾಡಿತು. ಸರ್ಕಾರಿ ಕೆಲಸದಲ್ಲಿದ್ದರೆ ಇಲಾಖೆಯ ಸುತ್ತೋಲೆಗೆ ಕಣ್ಣಿಟ್ಟಿರಿ, ಇಲಾಖೆಯೇ ಕಳಿಸಿದರೆ ಕೆಲಸ ಬಿಡಬೇಕಾಗಿಲ್ಲ. ಹೊರಗಿನಿಂದ ಸೇರುವುದಾದರೆ ಹಣ ಕಟ್ಟುವ ಮೊದಲು ಆ ಸಂಸ್ಥೆಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ನೋಡಿ. ಆನ್‌ಲೈನ್‌ನಲ್ಲಿ ಎಂಟು ವಾರಕ್ಕೆ ಮುಗಿಯುವ ಡೂಲಾ (ಹೆರಿಗೆ ಹೊತ್ತಲ್ಲಿ ಧೈರ್ಯ ಹೇಳುವ ಜೊತೆಗಾತಿ) ಕೋರ್ಸ್, ಗರ್ಭಿಣಿಯರ ತರಗತಿ ನಡೆಸುವ ಕೋರ್ಸ್ ಬೇಕಾದಷ್ಟಿವೆ. ಕಲಿಯಿರಿ, ತಪ್ಪಿಲ್ಲ. ಆದರೆ ಅದರಿಂದ ಯಾರೂ ಮಿಡ್‌ವೈಫ್ ಆಗುವುದಿಲ್ಲ.

ಪಾಠ ಇಷ್ಟ ಅಂದರೆ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ 2 ವರ್ಷದ ಎಂಎಸ್ಸಿ ನರ್ಸಿಂಗ್. ಬಿಎಸ್ಸಿಯಲ್ಲಿ ಶೇ. 55 ಅಂಕ, ಒಂದು ವರ್ಷದ ಅನುಭವ ಬೇಕು. ಜಿಎನ್‌ಎಂನವರು ನಡುವೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮುಗಿಸಬೇಕು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ನರ್ಸಿಂಗ್ ಕಾಲೇಜುಗಳಿವೆ, ಮನೆಗೆ ಹತ್ತಿರ ಬೋಧಕಿ ಕೆಲಸ ಹುಡುಕಬಹುದು. ಆದರೆ ಹೆರಿಗೆ ಕೋಣೆ ಕಾಣದೆ ಬಿಎಸ್ಸಿಯಿಂದ ನೇರ ಎಂಎಸ್ಸಿಗೆ ಹೋದವರ ಪಾಠ ಮಕ್ಕಳಿಗೆ ತಟ್ಟುವುದಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

ಐದನೇ ಹೆಜ್ಜೆ: ಕೆಲಸ ಎಲ್ಲಿದೆ

ನೇರವಾಗಿ ಹೇಳುತ್ತೇನೆ. ನಮ್ಮ ಜಿಲ್ಲೆಗಳಲ್ಲಿ 'ಮಿಡ್‌ವೈಫ್ ಬೇಕಾಗಿದ್ದಾರೆ' ಅನ್ನೋ ಜಾಹೀರಾತು ಅಪರೂಪ. ಸರ್ಕಾರದಲ್ಲಿ ನೀವು ಸೇರುವುದು ಸ್ಟಾಫ್ ನರ್ಸ್ ಆಗಿ, ಈಗಿನ ಹೆಸರಲ್ಲಿ ಶುಶ್ರೂಷಾಧಿಕಾರಿ. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ಹುದ್ದೆಗಳನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘದ ಮೂಲಕ ತುಂಬುತ್ತಾರೆ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳಿಗೆ ಹೋಗುವ ಆಸೆ ಇದ್ದರೆ ಅವರ ನೇಮಕಾತಿ ಪರೀಕ್ಷೆ ನಾರ್ಸೆಟ್ ಬರೆಯಿರಿ. ಹಾಗಾಗಿ ಇರುವ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮಿಡ್‌ವೈಫ್ ಹುದ್ದೆಗೆ ಕಾಯುತ್ತಾ ಕೂರಬೇಡಿ. ಇರುವ ಹುದ್ದೆಯಲ್ಲೇ ಹೆರಿಗೆ ಕೋಣೆ ಹಿಡಿದು, ಇನ್‌ಚಾರ್ಜ್ ಆಗಿ, ತರಬೇತುದಾರಳಾಗಿ ಬೆಳೆಯುವುದು ಇವತ್ತಿನ ದಾರಿ. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯ ಹೆಸರಲ್ಲೇ ಮಿಡ್‌ವೈಫರಿ ಬಂದಿದೆ. 1947ರ ಹಳೆಯ ಕಾಯ್ದೆಯ ಹೆಸರಲ್ಲಿ ಅದು ಇರಲಿಲ್ಲ.

ಖಾಸಗಿಯಲ್ಲಿ ಬೆಂಗಳೂರು, ಹೈದರಾಬಾದ್‌ನ ಹೆರಿಗೆ ಆಸ್ಪತ್ರೆಗಳು ಸಹಜ ಹೆರಿಗೆಗೆ ಒತ್ತು ಕೊಡುತ್ತಿವೆ. ಅಲ್ಲಿ ತರಬೇತಾದ ಕೈಗೆ ಬೆಲೆ ಇದೆ. ಊರಲ್ಲೇ ಸ್ವಂತ ಹೆರಿಗೆ ಮನೆ ತೆರೆಯೋಣ ಅನ್ನುವವರಿಗೆ ಎಚ್ಚರಿಕೆ: 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಇಲ್ಲದೆ ಯಾವ ಚಿಕಿತ್ಸಾ ಕೇಂದ್ರವನ್ನೂ ನಡೆಸುವಂತಿಲ್ಲ. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ಸಾಹಸವಂತೂ ಬೇಡವೇ ಬೇಡ. ರಕ್ತ ಹರಿಯಲು ಶುರುವಾದರೆ ನಿಮ್ಮ ಹತ್ತಿರ ರಕ್ತದ ಬಾಟಲಿಯೂ ಇಲ್ಲ, ಡಾಕ್ಟರೂ ಇಲ್ಲ.

ಹೊರದೇಶಕ್ಕೆ ಬರೋಣ. 2021ರ ಜಾಗತಿಕ ವರದಿಯ ಪ್ರಕಾರ ಪ್ರಪಂಚದಲ್ಲಿ 9 ಲಕ್ಷ ಮಿಡ್‌ವೈಫ್‌ಗಳ ಕೊರತೆ ಇತ್ತು. ಹಾಗಂತ ಬಾಗಿಲು ತೆರೆದೇ ಇದೆ ಅಂದುಕೊಳ್ಳಬೇಡಿ. ಗಲ್ಫ್‌ಗೆ ಹೋಗುವವರು ಡೇಟಾಫ್ಲೋ ಅನ್ನೋ ಕಂಪನಿಯ ದಾಖಲೆ ಪರಿಶೀಲನೆ, ಪ್ರೊಮೆಟ್ರಿಕ್ ಅನ್ನೋ ಕಂಪ್ಯೂಟರ್ ಪರೀಕ್ಷೆ ದಾಟಬೇಕು. ಅನುಭವ ಪತ್ರದಲ್ಲಿ ಬರೆದದ್ದನ್ನು ಅವರು ಆಸ್ಪತ್ರೆಗೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಇಂಗ್ಲೆಂಡ್‌ನಲ್ಲಿ ನರ್ಸ್ ಬೇರೆ, ಮಿಡ್‌ವೈಫ್ ಬೇರೆ, ನೋಂದಣಿಯೂ ಬೇರೆ ಬೇರೆ. ನರ್ಸ್ ಆಗಿ ಹೋದವರು ಹೆರಿಗೆ ಮಾಡಿಸುವಂತಿಲ್ಲ. ಇಲ್ಲಿಂದ ಹೋಗುವ ಹೆಚ್ಚಿನವರು ಮೊದಲು ನರ್ಸ್ ಆಗಿ ನೋಂದಣಿ ಮಾಡಿಸಿಕೊಳ್ಳುತ್ತಾರೆ. ಅದಕ್ಕೆ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಆಮೇಲೆ ಅಲ್ಲೇ ನರ್ಸ್‌ಗಳಿಗಿರುವ ಚಿಕ್ಕ ಮಿಡ್‌ವೈಫರಿ ಕೋರ್ಸ್‌ಗೆ ಸೇರಬಹುದು. ಚಿಕ್ಕದು ಅಂದರೂ ಎರಡು ವರ್ಷ. ಅಲ್ಲಿ ಓದು ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ 40 ಹೆರಿಗೆ ಸ್ವಂತ ಕೈಯಲ್ಲಿ ಮಾಡಿಸಿರಬೇಕು.

ನಮ್ಮ ತಾಲ್ಲೂಕು ಆಸ್ಪತ್ರೆಯ ರಾತ್ರಿ ಡ್ಯೂಟಿಯಲ್ಲಿ 40 ದಾಟಲು ತುಂಬಾ ದಿನ ಬೇಕಾಗುವುದಿಲ್ಲ. ಅಲ್ಲಿ ಹೋದಮೇಲೆ ಅವು ಲೆಕ್ಕಕ್ಕೆ ಬರುವುದಿಲ್ಲ ನಿಜ, ಮತ್ತೆ ಸೊನ್ನೆಯಿಂದಲೇ ಎಣಿಕೆ. ಆದರೆ ಸಂದರ್ಶನದಲ್ಲಿ "ನೀವು ನೋಡಿದ ಕಷ್ಟದ ಹೆರಿಗೆ ಒಂದನ್ನು ಹೇಳಿ" ಅಂದಾಗ ತಡವರಿಸದೆ ಹೇಳುವವಳು ಆ ನೋಟ್‌ಬುಕ್ ಬರೆದವಳೇ. ಹಾಸನದ ಯಾವ ಪುಸ್ತಕದಂಗಡಿಯಲ್ಲಾದರೂ 200 ಪುಟದ ಗಟ್ಟಿ ರಟ್ಟಿನದು ಸಿಗುತ್ತದೆ. ಡ್ಯೂಟಿ ಮುಗಿಸಿ ಬಸ್ ಹತ್ತುವ ಮೊದಲು ಅವತ್ತಿನ ಹೆರಿಗೆಯನ್ನು ಅವತ್ತೇ ಬರೆದುಬಿಡಿ.